ಕಾರು ಗುರುತಿಸೋದು ಹೇಗೆ?

ಪ್ರಶ್ನೆ: ನನ್ನ ಏಳು ವರ್ಷದ ಮಗ ದೂರದಿಂದಲೇ ಕಾರಿನ ಹೆಸರು ಹೇಳುತ್ತಾನೆ. ನನಗೆ ಬಣ್ಣ ಬಿಟ್ಟರೆ ಬೇರೇನೂ ತಿಳಿಯಲ್ಲ. ನಾನೂ ಕಲಿಯಬಹುದಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಖಂಡಿತ ಕಲಿಯಬಹುದಮ್ಮಾ. ನಾನು ಟಿಂಕರಿಂಗ್ ಕೆಲಸದವನು, ಕಾರಿನ ಮೈ ಮುಟ್ಟಿಯೇ ಕಲಿತವನು. ಮೊದಲು ಲೋಗೋ ನೋಡೋದು ಬಿಡಿ, ದೂರಕ್ಕೆ ಅದು ಕಾಣೋದೇ ಇಲ್ಲ. ಹಿಂದಿನ ಬಾಗಿಲು, ಅದರ ಪಕ್ಕದ ಕಂಬ ಅಂದರೆ ಮಾಡು ಹೊರುವ ಪಟ್ಟಿ, ಹಿಂದಿನ ಲೈಟು ನೋಡಿ. ಗುಟ್ಟೆಲ್ಲ ಅಲ್ಲೇ ಇರುತ್ತೆ.

ಸ್ವಿಫ್ಟನ್ನೇ ತಗೊಳ್ಳಿ. 2018ರಲ್ಲಿ ಬಂದ ಸ್ವಿಫ್ಟಿನ ಹಿಂದಿನ ಬಾಗಿಲಿಗೆ ಹಿಡಿ ಇಲ್ಲವೇನೋ ಅನಿಸುತ್ತೆ. ಅದು ಮೇಲೆ, ಕಿಟಕಿ ಗಾಜಿನ ಪಕ್ಕದ ಕಪ್ಪು ಭಾಗದಲ್ಲಿ ಸೇರಿಕೊಂಡಿದೆ. 2024ರ ಹೊಸ ಸ್ವಿಫ್ಟಿನಲ್ಲಿ ಹಿಡಿ ಮತ್ತೆ ಬಾಗಿಲಿಗೇ ಬಂತು. ಇದೊಂದು ಗೊತ್ತಿದ್ದರೆ ಹೆಸರಿನ ಜೊತೆ ಯಾವ ಕಾಲದ ಗಾಡಿ ಅಂತಲೂ ಹೇಳಬಹುದು. ಬಿಎಂಡಬ್ಲ್ಯೂ ಆದರೆ ಪಕ್ಕದ ಕೊನೇ ಕಿಟಕಿಯ ಹಿಂದಿನ ಕೆಳಮೂಲೆ ಮುಂದಕ್ಕೆ ಬಾಗಿರುತ್ತೆ. 1961ರಿಂದ ಅವರ ಬಹುಪಾಲು ಕಾರುಗಳಲ್ಲಿ ಈ ಬಾಗು ಇದೆ. ಎಷ್ಟು ಚೆಂದದ ಗೆರೆ ಅದು! ಜೀಪ್ ಕಂಪನಿಯ ಗಾಡಿಗೆ ಮುಂದೆ ಏಳು ಸೀಳು, ಎಣಿಸಿದರೆ ಸಾಕು.

ಬಲೆನೊ, ಗ್ಲಾಂಜಾ ಮಾತ್ರ ಕಷ್ಟ. 2019ರಲ್ಲಿ ಟೊಯೋಟಾ ಮಾರುತಿಯ ಬಲೆನೊವನ್ನೇ ಗ್ಲಾಂಜಾ ಅಂತ ತಂದಿತು. ಪಕ್ಕದಿಂದ ಎರಡೂ ಒಂದೇ ಥರ. ಮುಂದಿನ ಗ್ರಿಲ್, ಅಂದರೆ ಲೈಟುಗಳ ನಡುವಿನ ಜಾಲರಿ ನೋಡಿಯೇ ಹೇಳಬೇಕು.

ಸಿಗ್ನಲ್‌ನಲ್ಲಿ ನಿಂತಾಗ ಮಗನನ್ನು ಸುಮ್ನೆ ಹೆಸರು ಕೇಳಬೇಡಿ, ‘ಏನು ನೋಡಿ ಹೇಳಿದೆ ಪುಟ್ಟಾ?’ ಅಂತ ಕೇಳಿ. ನನಗಿಂತ ಜಾಸ್ತಿ ಅವನೇ ಕಲಿಸ್ತಾನೆ.