ದೂರದ ಹೋರಾಟವೋ, ನಮ್ಮೂರೋ ಅನ್ನುವ ಮೊದಲು ಮೀಟಿಂಗ್ ಎಲ್ಲಿ ಅಂತ ಕೇಳಿ

ನೀವು ಲಾಸ್ ಏಂಜಲೀಸ್‌ನಲ್ಲಿ ಎಂ.ಎಸ್. ಓದುತ್ತಿದ್ದೀರಿ. ಕ್ಲಾಸಿನ ಚಿಕಾನೋ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್, ಗೆಳೆಯ ಪ್ಯಾಲೆಸ್ಟೈನ್, ಮಧ್ಯ ಅಮೆರಿಕ ಅಂತ ಮೀಟಿಂಗಿಗೆ ಕರೆಯುತ್ತಾನೆ. ರೂಮ್‌ಮೇಟುಗಳು "ಊರ ಉಸಾಬರಿ ನಿನಗ್ಯಾಕೆ, ಮಾಡೋದಾದ್ರೆ ನಮ್ಮವರಿಗೆ ಮಾಡು" ಅನ್ನುತ್ತಾರೆ. ಎರಡರಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಎಂಬತ್ತರ ದಶಕದ ಕೊನೆಯಲ್ಲಿ ಇದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದವನು ನಾನು. ಆಗಿನ ದೇಶ ಮಧ್ಯ ಅಮೆರಿಕದ ನಿಕರಾಗುವಾ, ಅಷ್ಟೇ ವ್ಯತ್ಯಾಸ.

ಓದು ಬರ್ಕ್ಲಿಯಲ್ಲಿ. ಭಾನುವಾರ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಗೆ ಹೋಗುತ್ತಿದ್ದೆ. ಮೊದಲು ಹೋಗಿದ್ದು ಊಟಕ್ಕೆ, ಸುಳ್ಳು ಯಾಕೆ ಹೇಳಲಿ. ಅಲ್ಲೊಂದು ಚರ್ಚಿನ ಹಾಲ್‌ನಲ್ಲಿ ಪೂಜೆ ಮುಗಿದ ಮೇಲೆ ತಮಾಲೆ ಮಾರುತ್ತಿದ್ದರು. ಮೆಕ್ಕೆಜೋಳದ ಹಿಟ್ಟನ್ನು ತೆನೆಯ ಸಿಪ್ಪೆಯಲ್ಲೇ ಸುತ್ತಿ ಹಬೆಯಲ್ಲಿ ಬೇಯಿಸುವುದು, ನಮ್ಮ ಕೊಟ್ಟೆ ಕಡುಬಿನ ಹಾಗೆ. ದುಡ್ಡು ಹಾಕಲು ಒಂದು ಕಾಫಿ ಡಬ್ಬಿ. ನಿಕರಾಗುವಾದ ಆಸ್ಪತ್ರೆಯೊಂದರ ಔಷಧಿಗೆ ಅಂತ ಅದಕ್ಕೆ ಚೀಟಿ ಅಂಟಿಸಿತ್ತು. ಡಬ್ಬಿ ಕಾಯುತ್ತಿದ್ದವರು ಹಣ್ಣಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಚಿಕಾನಾ ಹೆಂಗಸು. ಹುಟ್ಟಿದ್ದು ಟೆಕ್ಸಾಸ್. ನಿಕರಾಗುವಾ ಕಂಡವರೇ ಅಲ್ಲ.

ನಿಮಗ್ಯಾಕೆ ಇದೆಲ್ಲ ಅಂತ ಕೇಳಿಯೇಬಿಟ್ಟೆ. ಅವರು ತಮ್ಮನ ಕಥೆ ಹೇಳಿದರು. ವಿಯೆಟ್ನಾಂಗೆ ಹೋದವನು ತಿರುಗಿ ಬಂದಿರಲಿಲ್ಲ. "ಅಲ್ಲಿ ಭತ್ತ ಬೆಳೆಯುವ ಹುಡುಗರನ್ನು ಕೊಲ್ಲೋಕೆ ಇಲ್ಲಿ ಹತ್ತಿ ಬಿಡಿಸುವ ಹುಡುಗರನ್ನು ಕಳಿಸಿದರು" ಅಂದರು. ಇದು ಬರೀ ಅಕ್ಕನ ಸಂಕಟ ಅಂದುಕೊಳ್ಳಬೇಡಿ. ಅಮೆರಿಕದ ನೈಋತ್ಯ ರಾಜ್ಯಗಳಲ್ಲಿ ಮೆಕ್ಸಿಕನ್ ಮೂಲದವರು ಜನಸಂಖ್ಯೆಯ ಶೇ 10–12 ಇದ್ದರು. ರಾಲ್ಫ್ ಗುಸ್ಮಾನ್ ಎಂಬ ಪ್ರೊಫೆಸರ್ 1961ರಿಂದ 67ರವರೆಗಿನ ವಿಯೆಟ್ನಾಂ ಯುದ್ಧದ ಸಾವಿನ ಪಟ್ಟಿ ಲೆಕ್ಕ ಹಾಕಿದರೆ, ಆ ರಾಜ್ಯಗಳ ಸತ್ತ ಸೈನಿಕರಲ್ಲಿ ಇವರ ಪಾಲು ಶೇ 19 ದಾಟಿತ್ತು. 1970ರ ಆಗಸ್ಟ್ 29ರಂದು ನಿಮ್ಮ ಈಗಿನ ಊರಿನಲ್ಲೇ, ಪೂರ್ವ ಲಾಸ್ ಏಂಜಲೀಸ್‌ನಲ್ಲಿ, ಯುದ್ಧ ನಿಲ್ಲಿಸಿ ಅನ್ನುವ ಚಿಕಾನೋ ಮೊರಟೋರಿಯಂ ಮೆರವಣಿಗೆಗೆ 20 ಸಾವಿರಕ್ಕೂ ಹೆಚ್ಚು ಜನ ಸೇರಿದ್ದು ಇದೇ ಸಿಟ್ಟಿಗೆ. ಪೊಲೀಸರು ಮೈಮೇಲೆ ಬಿದ್ದರು. ಪತ್ರಕರ್ತ ರೂಬೆನ್ ಸಲಸಾರ್ ಒಂದು ಬಾರಿನಲ್ಲಿ ಕೂತಿದ್ದರು. ಒಳಗೆ ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಸತ್ತರು. ಅಂದು ಸಭೆ ಸೇರಿದ್ದ ಪಾರ್ಕಿಗೆ ಈಗ ಅವರದೇ ಹೆಸರು. ಹೋಗಿ ನೋಡಿ ಬನ್ನಿ.

ಮಿಷನ್‌ನಲ್ಲಂತೂ ನಿಕರಾಗುವಾ ದೂರದ ದೇಶವೇ ಆಗಿರಲಿಲ್ಲ. ಅಲೆಹಾಂದ್ರೋ ಮುರ್ಗಿಯಾ ಅಂತ ಅಲ್ಲಿನ ಚಿಕಾನೋ ಕವಿ. ಅಲ್ಲಿನ ಸರ್ವಾಧಿಕಾರಿ ಸೊಮೋಸಾ ವಿರುದ್ಧ ಸಾಂದಿನಿಸ್ತರೆಂಬ ಎಡಪಂಥೀಯ ಕ್ರಾಂತಿಕಾರಿಗಳ ಜೊತೆ ಬಂದೂಕು ಹಿಡಿಯಲು ನಿಕರಾಗುವಾದ ದಕ್ಷಿಣ ಗಡಿಗೇ ಹೋಗಿದ್ದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಅವರನ್ನು ಆಸ್ಥಾನ ಕವಿ ಮಾಡಿತು! ಬಾಮಿ ಅಲಿ ಅನ್ನುವ ಓಣಿಯ ಗೋಡೆಗಳ ಮೇಲೆ 1984ರಿಂದಲೇ ಮಧ್ಯ ಅಮೆರಿಕದ ಯುದ್ಧಗಳ ಚಿತ್ರಗಳಿದ್ದವು. ಎಲ್ ಸಾಲ್ವಡಾರ್‌ನಿಂದ ತಪ್ಪಿಸಿಕೊಂಡು ಬಂದ ಸಂಸಾರಗಳು ಅದೇ ಓಣಿಯ ಆಚೀಚೆ ಬಾಡಿಗೆಗಿದ್ದವು.

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ನಿಕರಾಗುವಾ ಪರವಾಗಿ ನಾವು ಮಾಡಿಕೊಂಡಿದ್ದ ಸಮಿತಿಯ ಮೀಟಿಂಗ್ ಆ ಚರ್ಚಿನ ಹಾಲ್‌ನಲ್ಲೇ ನಡೆಯುತ್ತಿತ್ತು. ಮಕ್ಕಳ ಗಲಾಟೆ, ಎರಡು ಭಾಷೆ, ಒಂದು ತೀರ್ಮಾನಕ್ಕೆ ಸಂಜೆಯೆಲ್ಲ. ನಮಗೆ ವಿದ್ಯಾರ್ಥಿಗಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. "ಬುಧವಾರ ಸಂಜೆ ಕ್ಯಾಂಪಸ್ಸಿನಲ್ಲಿ ಮಾಡೋಣ, ರೂಮು ಪುಕ್ಕಟೆ, ಜಾಸ್ತಿ ಜನ ಬರುತ್ತಾರೆ" ಅಂತ ನಾನೇ ಎದ್ದು ನಿಂತು ಹೇಳಿದೆ. ಎಲ್ಲರೂ ಒಪ್ಪಿದರು. ಜನವೂ ಜಾಸ್ತಿಯೇ ಬಂದರು.

ಆದರೆ ಯಾರು ಬಂದರು ನೋಡಿ. ಮಿಷನ್‌ನಿಂದ ಬರುತ್ತಿದ್ದ ಅರ್ಧ ಜನ ಪೇಟೆಯ ಆಫೀಸು ಕಟ್ಟಡಗಳನ್ನು ಗುಡಿಸಿ ಒರೆಸುವವರು. ಅವರ ಪಾಳಿ ಶುರುವಾಗುವುದೇ ಸಂಜೆ. ಬುಧವಾರ ಅಂದಾಗಲೇ ಅವರು ಹೊರಗೆ. ಗಂಡ ಹೆಂಡತಿ ಮಕ್ಕಳು ಕೊಲ್ಲಿ ದಾಟಿ ಬರ್ಕ್ಲಿಗೆ ಬಂದು ಹೋಗುವ ರೈಲು ಚಾರ್ಜಿನಲ್ಲಿ ಒಂದು ಹೊತ್ತಿನ ಅಡುಗೆ ಆಗುತ್ತಿತ್ತು. ಕ್ಯಾಂಪಸ್ ಬಾಗಿಲಲ್ಲಿ ಯೂನಿಫಾರ್ಮ್ ಹಾಕಿದ ಪೊಲೀಸ್. ನನಗೆ ಅವನು ಕಣ್ಣಿಗೇ ಬೀಳುತ್ತಿರಲಿಲ್ಲ. ಕಾಗದಪತ್ರ ಇಲ್ಲದವರಿಗೆ ಅವನನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಕ್ಕಳಿಗೆ ಕ್ಲಾಸ್‌ರೂಮಿನಲ್ಲಿ ಜಾಗ ಇಲ್ಲ. ಸ್ಪ್ಯಾನಿಷ್ ಮಾತಾಡುವವರು ಇಬ್ಬರು ಮೂವರಾದ ಮೇಲೆ ಅನುವಾದವೂ ನಿಂತಿತು. ಯಾರೂ ಯಾರನ್ನೂ ಬರಬೇಡಿ ಅನ್ನಲಿಲ್ಲ, ಅಲ್ವಾ? ಬರೀ ದಿನ ಮತ್ತು ಜಾಗ ಬದಲಾಯಿಸಿದ್ದೆವು. ಡಬ್ಬಿಯಮ್ಮ ಜಗಳ ಆಡಲಿಲ್ಲ. ಸ್ವಲ್ಪ ದಿನ ಬಂದರು, ಆಮೇಲೆ ಬಿಟ್ಟರು. ನಮ್ಮಲ್ಲಿ ನಿರ್ಣಯಗಳು ಜಾಸ್ತಿಯಾದವು, ದುಡ್ಡು ಕಡಿಮೆಯಾಯಿತು. 1990ರ ಫೆಬ್ರವರಿಯಲ್ಲಿ ನಿಕರಾಗುವಾ ಆಳುತ್ತಿದ್ದ ಸಾಂದಿನಿಸ್ತರು ಚುನಾವಣೆ ಸೋತರು. ನಮ್ಮ ಹುಡುಗರು ಡಿಗ್ರಿ ಮುಗಿಸಿ ಚದುರಿದರು. ಸಮಿತಿಗೆ ಬೀಗ. ಆ ಹಾಲ್‌ನಲ್ಲಿ ಮಾತ್ರ ತಮಾಲೆಯೂ ನಡೆದಿತ್ತು, ಸಾಲ್ವಡಾರ್‌ನವರ ಸಭೆಯೂ ನಡೆದಿತ್ತು. 1994ರಲ್ಲಿ ಕಾಗದಪತ್ರ ಇಲ್ಲದ ವಲಸಿಗರಿಗೆ ಸರ್ಕಾರಿ ಶಾಲೆ, ಆಸ್ಪತ್ರೆ ಬಂದ್ ಮಾಡುವ ಪ್ರೊಪೊಸಿಷನ್ 187 ಕ್ಯಾಲಿಫೋರ್ನಿಯಾದಲ್ಲಿ ಮತಕ್ಕೆ ಬಂದಾಗ ಬೀದಿಗಿಳಿದವರು ಅವರೇ. ನನ್ನನ್ನು ಯಾರೂ ಕರೆಯಲಿಲ್ಲ. ಯಾಕೆ ಕರೆಯಬೇಕು?

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 'ದೂರದ್ದು', 'ನಮ್ಮದು' ಅಂತ ಎರಡು ತಕ್ಕಡಿ ಇಟ್ಟವರು ನೀವು, ಚಿಕಾನೋಗಳು ಅಲ್ಲ. ಚಿಕಾನಾ ಹೋರಾಟಗಾರ್ತಿ ಬೆತೀತಾ ಮಾರ್ತಿನೆಸ್ ಅವರ ಬದುಕು ನೋಡಿ. ಮೊದಲು ವಿಶ್ವಸಂಸ್ಥೆಯಲ್ಲಿ ಕೆಲಸ, ಆಮೇಲೆ ಕರಿಯರ ನಾಗರಿಕ ಹಕ್ಕಿನ ಚಳವಳಿ. 1968ರಲ್ಲಿ ನ್ಯೂ ಮೆಕ್ಸಿಕೋಗೆ ಹೋಗಿ ಜಮೀನು ಕಳೆದುಕೊಂಡ ರೈತರಿಗಾಗಿ 'ಎಲ್ ಗ್ರಿತೋ ದೆಲ್ ನೋರ್ತೆ' ಪತ್ರಿಕೆ ಶುರು ಮಾಡಿದರು. ಆ ಪತ್ರಿಕೆ ನಡೆಸುತ್ತಲೇ 1970ರಲ್ಲಿ ಉತ್ತರ ವಿಯೆಟ್ನಾಂಗೂ ಹೋಗಿ ಬಂದರು. ಅಲ್ಲೂ ಜಮೀನಿನ ಜಗಳವೇ.

'ನಮ್ಮವರು' ಅನ್ನುವ ರೂಮ್‌ಮೇಟುಗಳಿಗೆ ಇದನ್ನೂ ಹೇಳಿ. 1994ರ ಜನವರಿ 1ರಂದು ಮೆಕ್ಸಿಕೋದ ಚಿಯಾಪಾಸ್‌ನಲ್ಲಿ ಜಪತಿಸ್ತರು ಅನ್ನುವ ಆದಿವಾಸಿ ರೈತ ಬಂಡುಕೋರರು ಎದ್ದರು. ಅವರು ಕರೆದ ಸಭೆಗಳ ಬೆನ್ನಿಗೆ 1998ರಲ್ಲಿ ಜಿನೀವಾದಲ್ಲಿ ಪೀಪಲ್ಸ್ ಗ್ಲೋಬಲ್ ಆ್ಯಕ್ಷನ್ ಅನ್ನುವ ಜಾಗತೀಕರಣ ವಿರೋಧಿ ಒಕ್ಕೂಟ ಹುಟ್ಟಿತು. ನಂಜುಂಡಸ್ವಾಮಿಯವರ ರೈತ ಸಂಘ ಅದರಲ್ಲಿ ಮುಂಚೂಣಿಯಲ್ಲಿತ್ತು. 1999ರಲ್ಲಿ ಅದರ ಎರಡನೇ ಸಮ್ಮೇಳನ ನಡೆದಿದ್ದು ಬೆಂಗಳೂರಿನಲ್ಲಿ. ಹಸಿರು ಶಾಲಿನವರಿಗೆ ಇಲ್ಲದ ಮಡಿ ನಮಗ್ಯಾಕೆ?

ಹೋಗಿ. ಆದರೆ ಗೆಳೆಯನನ್ನು ಮೊದಲು ಕೇಳಿ: ಮೀಟಿಂಗ್ ಯಾವ ದಿನ, ಎಲ್ಲಿ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಅನುವಾದ ಇದೆಯಾ. ಉತ್ತರ ಬರೀ ಕ್ಯಾಂಪಸ್ ಅಂತಾದರೆ ಅದು ಓದುಗರ ಕೂಟ, ಸುಮ್ನೆ ಸಮಯ ಕಳೆಯಲು ಅಡ್ಡಿಯಿಲ್ಲ. ಶುರುವಿನಲ್ಲೇ ಯಾವ ಪಾರ್ಟಿಗೂ ಸೇರಬೇಡಿ. ಆ ಆಗಸ್ಟ್ 29ರ ಹೆಸರಿಟ್ಟುಕೊಂಡು ಹುಟ್ಟಿದ ಚಿಕಾನೋ ಮಾವೋವಾದಿ ಗುಂಪು 1978ರಲ್ಲಿ ಏಷ್ಯನ್ ಅಮೆರಿಕನ್ನರ ಗುಂಪಿನ ಜೊತೆ ಸೇರಿ ಲೀಗ್ ಆಫ್ ರೆವಲ್ಯೂಷನರಿ ಸ್ಟ್ರಗಲ್ ಆಯಿತು. ಒಳ್ಳೆಯ ಕೆಲಸಗಾರರಿದ್ದರು, ನಿಜ. ಆದರೆ ಹೊಸಬರಿಗೆ ಪಾರ್ಟಿ ಲೈನ್ ಅರ್ಥವಾಗುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ಕೊನೆಗೆ ವೀಸಾ. ಎಲ್ ಸಾಲ್ವಡಾರ್ ಜನರ ಪರ ಕೆಲಸ ಮಾಡುತ್ತಿದ್ದ ಸಿಸ್ಪೆಸ್ ಅನ್ನುವ ಸಂಘಟನೆಯ ಹಿಂದೆ ಎಫ್‌ಬಿಐ 1983ರಿಂದ 85ರ ತನಕ ಬಿದ್ದಿತ್ತು. ಒಂದು ಕೇಸೂ ಹಾಕಲಾಗಲಿಲ್ಲ. 1988ರಲ್ಲಿ ಕಡತಗಳು ಹೊರಬಂದಾಗ ಅದು ಊರಿಗೆಲ್ಲ ಗೊತ್ತಾಯಿತು. ಅರೆಸ್ಟ್ ಆಗಬಹುದಾದ ಮೆರವಣಿಗೆಗೆ ಹೋಗುವ ಮುಂಚೆ ಇಮಿಗ್ರೇಷನ್ ವಕೀಲರನ್ನು ಕೇಳಿ. ನನ್ನ ಕಾಲದ ನಿಯಮಗಳು ಈಗಿಲ್ಲ, ಆ ವಿಷಯದಲ್ಲಿ ನನ್ನ ಮಾತು ನಂಬಬೇಡಿ.