ಗ್ರಾಫ್ ಬಿಡಿಸದೆ ಎರಡು ಸರಳರೇಖೆಗಳನ್ನು ಹೋಲಿಸುವುದು ಹೇಗೆ?

3ಎಕ್ಸ್ + 2ವೈ = 12 ಮತ್ತು 6ಎಕ್ಸ್ + 4ವೈ = 10, ಈ ಎರಡು ರೇಖೆಗಳು ಎಲ್ಲಾದರೂ ಸೇರುತ್ತವೋ ಇಲ್ಲವೋ ಅಂತ ಹತ್ತನೇ ಕ್ಲಾಸಿನ ಮಗ ಕೇಳಿದ್ದಾನೆ, ಗ್ರಾಫ್ ಹಾಳೆ ಇಲ್ಲದೆ ಹೇಳಲು ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಅವನಿಗೆ ಸೀದಾ ಲೆಕ್ಕ ತೋರಿಸಬೇಡಿ. ಮೊದಲು ಆಟೋ ಮೀಟರ್ ತೋರಿಸಿ. ನಾನು ಬೆಂಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಈ ಪಾಠ ಪ್ರತಿ ವರ್ಷ ಅಲ್ಲಿಂದಲೇ ಶುರು.

2025ರ ಆಗಸ್ಟ್ 1ರಿಂದ ಇಲ್ಲಿ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಸ್ಲೋಪ್ ಎಷ್ಟು ಅಂದರೆ ಮಕ್ಕಳು ತಟ್ಟನೆ 18 ಅನ್ನುತ್ತಾರೆ. ಸರಿಯಾದ ಉತ್ತರವೇ. ಒಂದು ಹೆಜ್ಜೆ ಮುಂದೆ ಹೋದರೆ ಗೆರೆ ಎಷ್ಟು ಏರುತ್ತದೆ, ಅದು ಸ್ಲೋಪ್. ಇಂಟರ್ಸೆಪ್ಟ್ ಎಷ್ಟು ಅಂದರೆ ಇಡೀ ಕ್ಲಾಸ್ 36 ಅನ್ನುತ್ತದೆ. ಇಲ್ಲೇ ಎಡವುವುದು.

ಇಂಟರ್ಸೆಪ್ಟ್ ಅಂದರೆ ಎಕ್ಸ್ ಸೊನ್ನೆ ಆದಾಗ ಗೆರೆ ಇರುವ ಎತ್ತರ. ನಾನು ಬೋರ್ಡಿನ ಮೇಲೆ 4 ಕಿ.ಮೀ.ಗೆ 72, 3ಕ್ಕೆ 54, 2ಕ್ಕೆ 36 ಅಂತ ಚುಕ್ಕೆ ಇಡುತ್ತೇನೆ. ಆಮೇಲೆ ಸ್ಕೇಲ್ ಹಿಡಿದು ಅದೇ ಗೆರೆಯನ್ನು ಹಿಂದಕ್ಕೆ ಎಳೆಯುತ್ತೇನೆ. 1ಕ್ಕೆ 18, 0ಗೆ 0. ಗೆರೆ ನೇರವಾಗಿ ಮೂಲಬಿಂದುವಿಗೇ ಬಂದು ಮುಟ್ಟುತ್ತದೆ! ಮಕ್ಕಳ ಮುಖ ಆಗ ನೋಡಬೇಕು. 36 ಅನ್ನುವುದು 18ರ ಎರಡರಷ್ಟು, ಅಷ್ಟೇ. 2 ಕಿ.ಮೀ. ಒಳಗೆ ಇಳಿದರೂ ಅಷ್ಟು ಕೊಡಬೇಕು ಅನ್ನುವುದು ಬೇರೆಯದೇ ಒಂದು ತುಂಡು ಗೆರೆ. ಅದು ಅಡ್ಡ ಮಲಗಿದೆ, ಅದರ ಸ್ಲೋಪ್ 0.

2021ರ ಡಿಸೆಂಬರಿನಿಂದ ಇದ್ದ ಹಳೆಯ ದರ 30 ಮತ್ತು 15. ಅದನ್ನೂ ಹಿಂದಕ್ಕೆ ಎಳೆದರೆ ಸೊನ್ನೆಗೇ ಬರುತ್ತದೆ. ಅಂದರೆ ಹಳೆ ಗೆರೆ, ಹೊಸ ಗೆರೆ ಎರಡೂ ಒಂದೇ ಜಾಗದಿಂದ ಹೊರಟು, ಕಿ.ಮೀ.ಗೆ 3 ರೂಪಾಯಿಯಂತೆ ದೂರವಾಗುತ್ತಾ ಹೋಗುತ್ತವೆ. 10 ಕಿ.ಮೀ.ಗೆ 150 ಎಲ್ಲಿ, 180 ಎಲ್ಲಿ.

ಈಗ ನಿಜವಾದ ಹೋಲಿಕೆಗೆ ಬರೋಣ. ಒಬ್ಬ ಡ್ರೈವರ್ 'ಮೀಟರ್ ಮೇಲೆ 30 ಕೊಡಿ' ಅನ್ನುತ್ತಾರೆ. ಇನ್ನೊಬ್ಬರು 'ಒಂದೂವರೆ ಮೀಟರ್' ಅನ್ನುತ್ತಾರೆ. (ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಂದೂವರೆ ಪಟ್ಟು ನಿಯಮದಲ್ಲೇ ಇದೆ.) ಮೊದಲನೆಯವರ ಗೆರೆ ವೈ = 18ಎಕ್ಸ್ + 30. ಸ್ಲೋಪ್ ಹಾಗೇ ಇದೆ, ಗೆರೆ ಮಾತ್ರ 30ರಷ್ಟು ಮೇಲೆದ್ದಿದೆ. ಮೀಟರಿನ ಗೆರೆಗೆ ಸಮಾಂತರ. ಎಷ್ಟು ದೂರ ಹೋದರೂ ಜಾಸ್ತಿ ಕೊಡುವುದು ಆ 30 ಮಾತ್ರ. ಎರಡನೆಯವರದು ವೈ = 27ಎಕ್ಸ್. ಇಲ್ಲಿ ಸ್ಲೋಪೇ ಬದಲಾಯಿತು. ಯಾವುದು ಅಗ್ಗ? 3 ಕಿ.ಮೀ.ಗೆ 84 ಮತ್ತು 81, ಒಂದೂವರೆಯೇ ಅಗ್ಗ. 10 ಕಿ.ಮೀ.ಗೆ 210 ಮತ್ತು 270, ಮೇಲೆ 30 ಕೊಡುವುದೇ ವಾಸಿ. ಎರಡೂ ಸಮ ಆಗುವುದು 18ಎಕ್ಸ್ + 30 = 27ಎಕ್ಸ್ ಆದಾಗ, ಅಂದರೆ ಸುಮಾರು 3.33 ಕಿ.ಮೀ. ಹತ್ತಿರ. ಗೆರೆಗಳು ದಾಟಿಕೊಳ್ಳುವುದು ಅಲ್ಲಿ.

ಹಾಗಾಗಿ ಮೊದಲು ಸ್ಲೋಪ್ ನೋಡಿ. ಬೇರೆ ಬೇರೆ ಇದ್ದರೆ ಮುಗಿಯಿತು, ರೇಖೆಗಳು ಒಂದೇ ಒಂದು ಕಡೆ ಸೇರುತ್ತವೆ, ಇಂಟರ್ಸೆಪ್ಟ್ ಏನೇ ಇರಲಿ. ಸ್ಲೋಪ್ ಒಂದೇ ಆಗಿದ್ದರೆ ಮಾತ್ರ ಇಂಟರ್ಸೆಪ್ಟ್ ನೋಡಬೇಕು. ಅದು ಬೇರೆ ಆದರೆ ಸಮಾಂತರ, ಅದೂ ಒಂದೇ ಆದರೆ ಎರಡೂ ಒಂದೇ ರೇಖೆ.

ಮಗನ ಲೆಕ್ಕದಲ್ಲಿ ಸ್ಲೋಪ್ 3 ಮತ್ತು 6 ಅಂತ ಬರೆದುಬಿಡುವುದು ತುಂಬಾ ಸಾಮಾನ್ಯ ತಪ್ಪು. ವೈ ಒಂದನ್ನೇ ಎಡಗಡೆ ಉಳಿಸಿಕೊಳ್ಳುವವರೆಗೆ ಸ್ಲೋಪ್ ಕಾಣಿಸುವುದಿಲ್ಲ. ಮೊದಲನೆಯದು ವೈ = −1.5ಎಕ್ಸ್ + 6. ಎರಡನೆಯದು ವೈ = −1.5ಎಕ್ಸ್ + 2.5. ಸ್ಲೋಪ್ ಒಂದೇ, ಇಂಟರ್ಸೆಪ್ಟ್ ಬೇರೆ. ಸಮಾಂತರ, ಎಂದೂ ಸೇರುವುದಿಲ್ಲ. ಪಠ್ಯಪುಸ್ತಕದ ಅನುಪಾತದ ನಿಯಮ ಹೇಳುವುದೂ ಇದನ್ನೇ: 3/6 ಮತ್ತು 2/4 ಸಮ, 12/10 ಸಮ ಅಲ್ಲ. ಅವನು ಅದನ್ನು ಬಾಯಿಪಾಠ ಮಾಡಿರಬಹುದು, ಅದು ಎಲ್ಲಿಂದ ಬಂತು ಅಂತ ಈಗ ತೋರಿಸಿ. ಎರಡನೆಯದರ ಬಲಗಡೆ 10ರ ಬದಲು 24 ಇದ್ದಿದ್ದರೆ, 2ರಿಂದ ಭಾಗಿಸಿದಾಗ ಮೊದಲನೆಯ ಸಮೀಕರಣವೇ ಸಿಗುತ್ತಿತ್ತು.

ಎಕ್ಸ್ = 4 ಅಂತ ಬಂದರೆ ಗಾಬರಿ ಬೇಡ. ಅದು ನೆಟ್ಟಗೆ ನಿಂತ ಗೆರೆ, ಅದಕ್ಕೆ ಸ್ಲೋಪ್ ಇಲ್ಲ. ಇನ್ನೊಂದು ಸಮೀಕರಣದಲ್ಲಿ ಎಕ್ಸ್ ಜಾಗಕ್ಕೆ 4 ಹಾಕಿದರೆ ಸಾಕು. 3ಎಕ್ಸ್ + 2ವೈ = 12ರಲ್ಲಿ ಹಾಕಿದರೆ ವೈ 0 ಬರುತ್ತದೆ, ಎರಡೂ (4, 0)ರಲ್ಲಿ ಸೇರುತ್ತವೆ.