ಉತ್ತರ ಹೊಳೆಯದಿದ್ದಾಗ ಟಿಎ ಏನು ಮಾಡಬೇಕು?

ಪ್ರಶ್ನೆ: ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಟೆಕ್. ಮೊದಲ ವರ್ಷದ ವಿದ್ಯಾರ್ಥಿ. ಗೇಟ್ ಪ್ರವೇಶ ಪರೀಕ್ಷೆಯ ಮೂಲಕ ಬಂದಿರುವುದರಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತಿದ್ದು, ಅದರ ಷರತ್ತಿನಂತೆ ಬಿ.ಇ. ಎರಡನೇ ವರ್ಷದವರ ಅನಲಾಗ್ ಲ್ಯಾಬಿಗೆ ನನ್ನನ್ನು ಟಿಎ (ಬೋಧನಾ ಸಹಾಯಕ) ಆಗಿ ಹಾಕಿದ್ದಾರೆ. ಕಳೆದ ವಾರ ಒಂದು ತಂಡದವರು 741 ಆಪ್-ಆ್ಯಂಪ್ ಎಂಬ ವರ್ಧಕ ಐಸಿಯಿಂದ ಹತ್ತು ಪಟ್ಟಿನ ಆಂಪ್ಲಿಫೈಯರ್ ಕಟ್ಟಿ, 20 ಕಿಲೋಹರ್ಟ್ಸ್‌ನಲ್ಲಿ 1 ವೋಲ್ಟ್ ಪೀಕ್ ಇನ್‌ಪುಟ್ ಕೊಟ್ಟಾಗ, ಔಟ್‌ಪುಟ್ ಸೈನ್ ತರಂಗದ ಬದಲು ತ್ರಿಕೋನಾಕಾರವಾಗಿ ಬಂತು. ಹತ್ತು ನಿಮಿಷ ತಂತಿಗಳನ್ನು ಕಿತ್ತು ಜೋಡಿಸಿದರೂ ನನಗೆ ಕಾರಣ ಹೊಳೆಯಲಿಲ್ಲ. ಹುಡುಗರು ಮುಖ ಮುಖ ನೋಡಿಕೊಂಡರು. ಹಾಸನದ ಕಡೆಯ ಕನ್ನಡ ಮಾಧ್ಯಮದವನಾದ್ದರಿಂದ ಇಂಗ್ಲಿಷಿನಲ್ಲಿ ವಿವರಿಸುವಾಗಲೂ ತಡವರಿಸುತ್ತೇನೆ. ರೆಕಾರ್ಡ್‌ಗಳಲ್ಲಿ ನಕಲು ಕಂಡರೆ ಏನು ಮಾಡಬೇಕು?
— ಓದುಗ, ಮತ್ತಿಕೆರೆ

ಉತ್ತರ: ಮೊದಲು ಆ ತ್ರಿಕೋನದ ವಿಷಯ. ನಿಮ್ಮ ಹುಡುಗರ ಸರ್ಕ್ಯೂಟಿನಲ್ಲಿ ಬಹುಶಃ ಯಾವ ತಪ್ಪೂ ಇರಲಿಲ್ಲ. 741ರ ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿನಲ್ಲಿ ಸುಮಾರು ಅರ್ಧ ವೋಲ್ಟಿಗಿಂತ ವೇಗವಾಗಿ ಏರಲಾರದು, ಇಳಿಯಲಾರದು. ಇದನ್ನೇ ಸ್ಲೂ ರೇಟ್ ಎನ್ನುತ್ತೇವೆ. 10 ವೋಲ್ಟ್ ಪೀಕಿನ ಸೈನ್ ತರಂಗ 20 ಕಿಲೋಹರ್ಟ್ಸ್‌ನಲ್ಲಿ ಸೊನ್ನೆಯನ್ನು ದಾಟುವಾಗ ಮೈಕ್ರೋಸೆಕೆಂಡಿಗೆ ಸುಮಾರು 1.26 ವೋಲ್ಟಿನಷ್ಟು ಏರಬೇಕಾಗುತ್ತದೆ. ಅಷ್ಟು ವೇಗ ಸಿಗದಿದ್ದಾಗ ಔಟ್‌ಪುಟ್ ತನಗೆ ಸಾಧ್ಯವಿರುವ ಒಂದೇ ಇಳಿಜಾರಿನಲ್ಲಿ ನೇರ ಗೆರೆಯಾಗಿ ಏರಿ ಇಳಿಯುತ್ತದೆ. ನೀವು ಗಮನಿಸಿದ್ದರೆ ಅದರ ಎತ್ತರವೂ 10 ವೋಲ್ಟಿನಿಂದ 6 ವೋಲ್ಟಿನ ಆಸುಪಾಸಿಗೆ ಇಳಿದಿರಬೇಕು. ಇದು ಸ್ಯಾಚುರೇಷನ್ (ಔಟ್‌ಪುಟ್ ಪವರ್ ಸಪ್ಲೈಯ ಮಿತಿಯನ್ನು ಮುಟ್ಟುವುದು) ಅಲ್ಲ: ಸ್ಯಾಚುರೇಷನ್‌ನಲ್ಲಿ ತರಂಗದ ನೆತ್ತಿ ಚಪ್ಪಟೆಯಾಗುತ್ತದೆ, ಇಲ್ಲಿ ಪಕ್ಕಗಳು ನೇರವಾಗುತ್ತವೆ. ಫ್ರೀಕ್ವೆನ್ಸಿಯನ್ನು ಬದಲಿಸದೆ ಇನ್‌ಪುಟ್ ಮಟ್ಟವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಸೈನ್ ಆಕಾರ ಮರಳಿ ಬರುತ್ತದೆ. ಮುಂದಿನ ವಾರ ಅದೇ ತಂಡದ ಮೇಜಿಗೆ ಹೋಗಿ, ಕಾರಣ ಹೇಳುವ ಮೊದಲು ಇನ್‌ಪುಟ್ ಮಟ್ಟದ ನಾಬನ್ನು ತಿರುಗಿಸಲು ಅವರಿಗೇ ಹೇಳಿ.

ನಿಮಗೆ ಉತ್ತರ ಗೊತ್ತಿರಲಿಲ್ಲ ಎಂಬುದನ್ನು ನಾನು ದೊಡ್ಡ ಲೋಪವೆಂದು ಎಣಿಸುವುದಿಲ್ಲ. ಆ ಹತ್ತು ನಿಮಿಷ ತಂತಿ ಕಿತ್ತವರು ನೀವು, ವಿದ್ಯಾರ್ಥಿಗಳು ನೋಡುತ್ತ ನಿಂತರು ಎಂಬುದೇ ನನಗೆ ಲೋಪವಾಗಿ ಕಾಣುತ್ತದೆ. ಟಿಎ ಆಗಿದ್ದ ದಿನಗಳಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಕೊನೆಗೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನ ಬಳಿ ನಿಲ್ಲುವ ಅಭ್ಯಾಸ ಮಾಡಿಕೊಂಡೆ, ನೋಡುವವರಿಗೆ ಅದು ಗತ್ತಿನಂತೆ ಕಂಡಿರಲೂಬಹುದು. ಪ್ರೋಬ್ ವಿದ್ಯಾರ್ಥಿಯ ಕೈಯಲ್ಲಿರಲಿ, ಎಲ್ಲಿ ಅಳೆಯಬೇಕೆಂಬ ಪ್ರಶ್ನೆ ನಿಮ್ಮದಾಗಿರಲಿ. ಪವರ್ ಸಪ್ಲೈಯ ಡಿಸ್‌ಪ್ಲೇ ತೋರಿಸುವ 15 ವೋಲ್ಟನ್ನು ನಂಬದೆ ಐಸಿಗೆ ಪವರ್ ಬರುವ 7 ಮತ್ತು 4ನೇ ಪಿನ್ನುಗಳ ಮೇಲೆಯೇ ಮಲ್ಟಿಮೀಟರ್ ಇಡಿಸಿ, ಏಕೆಂದರೆ ಕೆಲವು ಉದ್ದನೆಯ ಬ್ರೆಡ್‌ಬೋರ್ಡ್‌ಗಳಲ್ಲಿ ಪವರ್ ಸಾಲು ನಡುವೆ ತುಂಡಾಗಿರುತ್ತದೆ. ಬಳಿಕ ಎಲ್ಲ ಉಪಕರಣಗಳ ಗ್ರೌಂಡ್ ಒಂದೇ ಕಡೆ ಸೇರಿದೆಯೇ ಎಂದು ಕೇಳಿ. ಅದೂ ಸರಿಯಿದ್ದರೆ ಇನ್‌ಪುಟ್ ಪಿನ್ನುಗಳಾದ 2 ಮತ್ತು 3ರ ವೋಲ್ಟೇಜ್ ಹೋಲಿಸಲು ಹೇಳಿ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಒಂದಂಶ ಇನ್‌ಪುಟ್‌ಗೆ ಮರಳುವುದು) ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅವೆರಡೂ ಹೆಚ್ಚುಕಡಿಮೆ ಸಮವಾಗಿರುತ್ತವೆ. ಇಷ್ಟರ ಮೇಲೂ ಕಾರಣ ತಿಳಿಯದಿದ್ದರೆ "ನನಗೂ ಗೊತ್ತಾಗುತ್ತಿಲ್ಲ, ನೋಡಿಕೊಂಡು ಬರುತ್ತೇನೆ" ಎಂದು ಹೇಳಿ, ಹೇಳಿದಂತೆ ಮರುವಾರ ಉತ್ತರದೊಂದಿಗೆ ಹೋಗಿ. ಲ್ಯಾಬ್ ಇನ್‌ಸ್ಟ್ರಕ್ಟರ್ ಅವರನ್ನು ಕೇಳಲು ಸಂಕೋಚ ಬೇಡ. ಯಾವ ಮೇಜಿನ ಯಾವ ಪ್ರೋಬ್ ಕೆಟ್ಟಿದೆ ಎಂಬುದು ಪ್ರಾಧ್ಯಾಪಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಪಾಯ ಕಂಡಾಗ ಮಾತ್ರ ಕೈ ಕಟ್ಟಿ ನಿಲ್ಲುವ ಈ ನಿಯಮ ಅನ್ವಯಿಸುವುದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಉಲ್ಟಾ ಕೂತಿದ್ದರೆ, ಅಥವಾ ಸಾಮಾನ್ಯವಾಗಿ ಮೇನ್ಸ್ ಅರ್ತ್‌ಗೆ ಸೇರಿಕೊಂಡೇ ಇರುವ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಯಾರಾದರೂ ಸರ್ಕ್ಯೂಟಿನ ನಡುವಿನ ಬಿಂದುವಿಗೆ ಸಿಕ್ಕಿಸಿದ್ದರೆ, ಪ್ರಶ್ನೆ ಕೇಳುತ್ತ ನಿಲ್ಲದೆ ಮೊದಲು ಸ್ವಿಚ್ ಆರಿಸಿ. ಮುಂದೆ ನಿಮ್ಮನ್ನು ಮೆಷಿನ್ಸ್ ಲ್ಯಾಬಿಗೆ ಹಾಕಿದರೆ, ನೀವು ಕನೆಕ್ಷನ್ ನೋಡಿ ಒಪ್ಪುವವರೆಗೆ ಯಾರೂ ಸಪ್ಲೈ ಕೊಡಬಾರದು. ಲೋಡ್ ಇಲ್ಲದೆ ಚಾಲೂ ಮಾಡಿದ ಡಿಸಿ ಸೀರೀಸ್ ಮೋಟರ್ ಹಿಡಿತಕ್ಕೆ ಸಿಗದಷ್ಟು ವೇಗ ಪಡೆಯುತ್ತದೆ.

ಭಾಷೆಯ ಕುರಿತು ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನ ತರಗತಿಯಲ್ಲಿ ಕನ್ನಡ ಬಾರದವರೂ ಇರುವುದರಿಂದ ಎಲ್ಲರಿಗೂ ಹೇಳುವುದನ್ನು ಇಂಗ್ಲಿಷಿನಲ್ಲೇ ಹೇಳಬೇಕಾಗುತ್ತದೆ. ಆ ಐದು ನಿಮಿಷದ ಮಾತನ್ನು ಹಿಂದಿನ ದಿನ ಬರೆದುಕೊಳ್ಳಿ, ಅದಕ್ಕಿಂತ ಮುಖ್ಯವಾಗಿ ಪ್ರಯೋಗವನ್ನು ನೀವೇ ಒಮ್ಮೆ ಕಟ್ಟಿ ನೋಡಿ. ಮೇಜಿನ ಬಳಿ ಕನ್ನಡದ ವಿದ್ಯಾರ್ಥಿಯೊಡನೆ ಕನ್ನಡದಲ್ಲಿ ಮಾತನಾಡಿದರೆ ವಿಷಯದ ಘನತೆ ಕಡಿಮೆಯಾಗುವುದಿಲ್ಲ. ನಿಮ್ಮಂತೆಯೇ ಬಂದ ಒಬ್ಬಿಬ್ಬರು ಆ ಬ್ಯಾಚಿನಲ್ಲಿ ಬಾಯಿ ತೆರೆಯದೆ ಕುಳಿತಿರಬಹುದು.

ನಕಲನ್ನು ಪತ್ತೆ ಮಾಡಲು ಕೈಬರಹಕ್ಕಿಂತ ರೀಡಿಂಗ್‌ಗಳು ಹೆಚ್ಚು ನೆರವಾಗುತ್ತವೆ. ಎಸ್.ಪಿ. ರಸ್ತೆಯಲ್ಲಿ ಕೊಳ್ಳುವ ಚಿನ್ನದ ಬಣ್ಣದ ಪಟ್ಟಿಯ ರೆಸಿಸ್ಟರ್‌ಗಳಲ್ಲಿ ಶೇ. 5ರಷ್ಟು ವ್ಯತ್ಯಾಸವಿರಬಹುದಾದ್ದರಿಂದ, ಹತ್ತು ಎಂದು ಲೆಕ್ಕ ಹಾಕಿದ ಗೇನ್ (ಔಟ್‌ಪುಟ್ ಇನ್‌ಪುಟ್‌ನ ಎಷ್ಟು ಪಟ್ಟು ಎಂಬುದು) ಅಳತೆಯಲ್ಲಿ 9ರಿಂದ 11ರ ನಡುವೆ ಎಲ್ಲಿ ಬೇಕಾದರೂ ಬರಬಹುದು. ಎಂಟು ತಂಡಗಳ ರೆಕಾರ್ಡಿನಲ್ಲೂ 10.0 ಎಂದೇ ಇದ್ದರೆ ಅದು ಅಳೆದದ್ದಲ್ಲ, ಪುಸ್ತಕದಿಂದ ಇಳಿಸಿದ್ದು. ಹಾಗೆಂದು ತರಗತಿಯಲ್ಲಿ ಹೆಸರು ಕೂಗಬೇಡಿ. ಲ್ಯಾಬ್ ಮುಗಿಯುವ ಮೊದಲೇ ಅಬ್ಸರ್ವೇಷನ್ ಪುಸ್ತಕಕ್ಕೆ ಸಹಿ ಹಾಕುವ ಪದ್ಧತಿ ಇಟ್ಟುಕೊಳ್ಳಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) "ನಿಮ್ಮ ರೆಸಿಸ್ಟರ್ ಅಳೆದಾಗ ಎಷ್ಟು ಬಂತು?" ಎಂದು ಕೇಳಿ. ಅಂಕ ಕಡಿಯುವ ತೀರ್ಮಾನ ಕೋರ್ಸಿನ ಪ್ರಾಧ್ಯಾಪಕರಿಗೆ ಸೇರಿದ್ದು. ನೀವು ಕಂಡದ್ದನ್ನು ಪುರಾವೆ ಸಹಿತ ಅವರ ಮುಂದಿಟ್ಟರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.